ಮದುವೆಯ ಕೇಕು ಮತ್ತು ಗುಮಾಸ್ತನ ಲೆಕ್ಕ

ಮದುವೆ ಮನೆಯಲ್ಲಿ ಲೆಕ್ಕ ಬರೆಯುವವನಿಗೆ ಎರಡು ಕಡೆಯಿಂದಲೂ ಬೈಗುಳ. ಖರ್ಚು ಹೆಚ್ಚಾಯಿತೆಂದು ಕೆಲವರು, ಕೈ ಬಿಗಿ ಹಿಡಿದನೆಂದು ಇನ್ನು ಕೆಲವರು. ಬಿ.ಎಸ್ಸಿ. ಓದಿದ್ದೇನೆ, ಅದರ ಮೇಲೆ ಕೇಂದ್ರ ಸರಕಾರದ ಕಛೇರಿಯಲ್ಲಿ ಗುಮಾಸ್ತನಾಗಿದ್ದೇನೆ ಎಂಬ ಎರಡು ಅಪರಾಧಗಳಿಗಾಗಿ ನಮ್ಮ ಬಳಗದ ಯಾವ ಮದುವೆಯಾದರೂ ಆ ಪುಸ್ತಕ ನನ್ನ ಕೈಗೇ ಬರುತ್ತದೆ. ಕಳೆದ ವರ್ಷ ಅಕ್ಕನ ಮಗಳ ಮದುವೆಯಲ್ಲೂ ಹಾಗೆಯೇ ಆಯಿತು. ಆಗ ಎದ್ದ ಒಂದು ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಓದುಗರ ಮನೆಗಳಲ್ಲಿಯೂ ಇಂದಲ್ಲ ನಾಳೆ ಅದು ಏಳಬಹುದಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕ ಭಾವ ಇರುವುದು ಡೊಂಬಿವಲಿಯಲ್ಲಿ. ನಮ್ಮ ಊರು ಕುಂದಾಪುರದ ಕಡೆ. ಹುಡುಗನ ಮನೆಯವರು ಮಂಗಳೂರು ಕ್ಯಾಥೊಲಿಕರು. ತಾಯಿಯ ತವರು ಉಡುಪಿ ಹತ್ತಿರದ ಮೂಡುಬೆಳ್ಳೆ, ಈಗ ಬೊರಿವಲಿಯ ಐ.ಸಿ. ಕಾಲೊನಿಯಲ್ಲಿ ವಾಸ. ಒಂದೇ ಕಛೇರಿಯಲ್ಲಿ ಕೆಲಸ ಮಾಡುವ ಹುಡುಗ ಹುಡುಗಿ ತಾವೇ ಒಪ್ಪಿಕೊಂಡರು. ಮನೆಯ ಹಿರಿಯರು ಆರು ತಿಂಗಳು ಮುಖ ಗಂಟು ಹಾಕಿಕೊಂಡಿದ್ದು, ಆಮೇಲೆ ಅವರೂ ಒಪ್ಪಿದರು. ಇಗರ್ಜಿಯೂ ಬೇಡ, ಧಾರೆಯೂ ಬೇಡ. 1954ರ ವಿಶೇಷ ವಿವಾಹ ಕಾಯಿದೆಯಂತೆ ಬಾಂದ್ರಾದಲ್ಲಿ ನೋಂದಣಿ, ಅದೇ ವಾರ ಒಂದು ಸಂಜೆ ಎರಡು ಕಡೆಯವರಿಗೂ ಸೇರಿ ಒಂದೇ ಆರತಕ್ಷತೆ ಎಂದು ತೀರ್ಮಾನವಾಯಿತು. ನೋಟೀಸು ಕೊಟ್ಟು ಮೂವತ್ತು ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು. ಮೂವರಲ್ಲಿ ನಾನೂ ಒಬ್ಬ.

ನಾನೂರು ಜನ, ಉಪನಗರದ ಒಂದು ಸಾಧಾರಣ ಸಭಾಗೃಹ. ಖರ್ಚು ಅರ್ಧ ಅರ್ಧ. ಭಾವ ಒಂದು ಖಾಸಗಿ ಕಂಪೆನಿಯಿಂದ ನಿವೃತ್ತರಾದವರು. ಪ್ರಾವಿಡೆಂಟ್ ಫಂಡಿನ ಹಣವೇ ಅವರ ಮುಂದಿನ ಬದುಕು. ಆದುದರಿಂದ ಪ್ರತಿಯೊಂದು ಬಾಬನ್ನೂ ಒತ್ತಿ ಹಿಡಿಯುವುದು ನನ್ನ ಕರ್ತವ್ಯವೆಂದು ತಿಳಿದೆ. ಹುಡುಗನ ತಾಯಿ ಕೇಳಿದ್ದು ಒಂದೇ ಒಂದು: ಮದುವೆಯ ಕೇಕು ಇರಬೇಕು. ಬೇಕರಿಯಲ್ಲಿ ವಿಚಾರಿಸಿದೆ. ಮೂರು ಅಂತಸ್ತು, ಒಣ ಹಣ್ಣುಗಳ ಕೇಕು, ಮೇಲೆ ಬಿಳಿಯ ಸಕ್ಕರೆಯ ಹೊದಿಕೆ, ಒಟ್ಟು ಹನ್ನೆರಡು ಕಿಲೋ, ಕಿಲೋಗೆ ಎರಡು ಸಾವಿರದಂತೆ 24,000 ರೂಪಾಯಿ. ನನ್ನ ಮುಖ ನೋಡಿ ಅಂಗಡಿಯ ಹುಡುಗನೇ ದಾರಿ ತೋರಿಸಿದ. ಕೆಳಗಿನ ಎರಡು ಅಂತಸ್ತು ಥರ್ಮೊಕೋಲಿನದು ಬಾಡಿಗೆಗೆ ಸಿಗುತ್ತದೆ, ಅದಕ್ಕೆ ಮೂರು ಸಾವಿರ. ಮೇಲಿನದು ಮಾತ್ರ ಒಂದೂವರೆ ಕಿಲೋದ ನಿಜವಾದ ಕೇಕು, ಅದಕ್ಕೆ ಮೂರು ಸಾವಿರ. ಫೋಟೋದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಈಗ ಮುಂಬಯಿಯಲ್ಲಿ ಇದು ಸರ್ವೇ ಸಾಮಾನ್ಯ. ಹದಿನೆಂಟು ಸಾವಿರ ಉಳಿಯಿತೆಂದು ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಈ ಗೆರೆ ಎಳೆಯುವ ಸುಖ ಎಂಥದೆಂದು ಗುಮಾಸ್ತರಿಗೆ ಮಾತ್ರ ಗೊತ್ತು.

ಕಛೇರಿಯಲ್ಲಿ ನನ್ನ ಮೇಜಿನ ಮೇಲೆ ಸಾಮಾನ್ಯ ಭವಿಷ್ಯ ನಿಧಿಯ ಮುಂಗಡದ ಅರ್ಜಿಗಳು ಬರುತ್ತವೆ. 2004ರ ಜನವರಿ 1ರಿಂದ ಸೇರಿದವರಿಗೆ ಆ ನಿಧಿ ಇಲ್ಲವಾದ್ದರಿಂದ ವರ್ಷದಿಂದ ವರ್ಷಕ್ಕೆ ಅರ್ಜಿಗಳು ಕಡಿಮೆಯಾಗುತ್ತಿವೆ. ಬರುವವುಗಳಲ್ಲಿ ಮದುವೆಯ ಕಾರಣಕ್ಕೆ ಬರುವುದು ಮಾತ್ರ ಇನ್ನೂ ನಿಂತಿಲ್ಲ. 1960ರ ನಿಯಮಾವಳಿಯಲ್ಲಿ ಈ ಬಗ್ಗೆ ಒಂದು ವಿಚಿತ್ರವಾದ ಮಾತಿತ್ತು. ರೂಢಿಯ ಪ್ರಕಾರ ಮಾಡಲೇಬೇಕಾದ ಮದುವೆ, ಉತ್ತರಕ್ರಿಯೆ ಮೊದಲಾದ ಖರ್ಚುಗಳಿಗೆ, ಚಂದಾದಾರನ ಅಂತಸ್ತಿಗೆ ತಕ್ಕ ಪ್ರಮಾಣದಲ್ಲಿ ಮುಂಗಡ ಕೊಡಬಹುದು ಎಂಬುದು ಅದರ ಸಾರಾಂಶ. 2017ರಲ್ಲಿ ನಿಯಮಗಳನ್ನು ಸರಳಗೊಳಿಸಿ, ರುಜುವಾತಿನ ಕಾಗದಪತ್ರ ಬೇಡ, ಅರ್ಜಿದಾರನ ಹೇಳಿಕೆಯೇ ಸಾಕು ಎಂದರು. ಆ ಹಳೆಯ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿದಿದೆ. ‘ಮಾಡಲೇಬೇಕಾದ’, ‘ರೂಢಿ’, ‘ಅಂತಸ್ತು’: ಒಬ್ಬ ತಂದೆಯನ್ನು ಸಾಲಕ್ಕೆ ನೂಕಲು ಈ ಮೂರು ಶಬ್ದಗಳು ಸಾಲವೆ? ಅಂತಸ್ತಿಗೆ ತಕ್ಕದ್ದು ಯಾವುದೆಂದು ಅಳೆಯುವವರು ಯಾರು? ಸರಕಾರ ಅದನ್ನು ಹೇಳಲಿಲ್ಲ, ಜಾಣತನ. ನೆಂಟರು ಹೇಳುತ್ತಾರೆ.

ಈ ನೆಂಟರ ಅಳತೆಗೋಲನ್ನು ಮುರಿಯಲು ನಮ್ಮ ನಾಡಿನಲ್ಲಿ ಪ್ರಯತ್ನಗಳಾಗಿಲ್ಲವೆಂದಲ್ಲ. 1966ರಲ್ಲಿ ಕುವೆಂಪು ಅವರು ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಆಡಂಬರವಿಲ್ಲದ ‘ಮಂತ್ರ ಮಾಂಗಲ್ಯ’ದ ರೀತಿಯಲ್ಲಿ ನಡೆಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ಇವೆರಡರ ಮೇಲೂ ನನಗೆ ಗೌರವವಿದೆ. ಆದರೆ ಒಂದನ್ನು ಮಾಡಿದವರು ಮಹಾಕವಿ; ಸರಳವಾಗಿ ಮಾಡಿದರೆ ಜನ ಆದರ್ಶ ಎನ್ನುತ್ತಾರೆ. ಡೊಂಬಿವಲಿಯ ನಿವೃತ್ತ ನೌಕರ ಅದನ್ನೇ ಮಾಡಿದರೆ ‘ಪಾಪ, ಕೈಯಲ್ಲಿ ಇಲ್ಲ’ ಎನ್ನುತ್ತಾರೆ. ಬಡವನ ಸರಳತೆಗೆ ಆದರ್ಶವೆಂಬ ಹೆಸರು ಸಿಗುವುದು ಕಷ್ಟ. ಆದುದರಿಂದಲೇ ನಮ್ಮಂಥವರು ಸರಳತೆಯನ್ನು ಬಿಟ್ಟು ಥರ್ಮೊಕೋಲನ್ನು ಹುಡುಕಿಕೊಂಡು ಹೋಗುವುದು.

ನನ್ನ ಗೆರೆಯನ್ನು ಸಮರ್ಥಿಸಿಕೊಳ್ಳಲು ನನಗೆ ಶಾಸ್ತ್ರವೂ ಸಿಕ್ಕಿತು. ನಮ್ಮಲ್ಲಿ ಬದಲಿ ಎಂಬುದು ಹೊಸತಲ್ಲ. ಪೂಜೆಯಲ್ಲಿ ವಸ್ತ್ರವಿಲ್ಲ, ಆಭರಣವಿಲ್ಲ. ಭಟ್ಟರು ಎಲ್ಲದಕ್ಕೂ ನಾಲ್ಕು ಅಕ್ಷತೆ ಕಾಳು ಹಾಕಿಸುತ್ತಾರೆ. ಚಿನ್ನದ ತಾಳಿಗೆ ಗತಿಯಿಲ್ಲದವರು ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಮದುವೆ ಮಾಡಿಕೊಂಡಿದ್ದಾರೆ. ಆ ಮದುವೆ ಅರ್ಧ ಮದುವೆ ಎಂದು ಯಾರೂ ಹೇಳಿಲ್ಲ. ಜೈಮಿನಿಯ ಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಈ ‘ಪ್ರತಿನಿಧಿ’ಯ ಚರ್ಚೆಯೇ ಇದೆ. ಯಜ್ಞಕ್ಕೆ ಬೇಕಾದ ವ್ರೀಹಿ, ಎಂದರೆ ಭತ್ತ, ಸಿಗದಿದ್ದರೆ ಕಾಡುಭತ್ತವಾದ ನೀವಾರ ಆಗಬಹುದು. ಸೋಮಲತೆ ಸಿಗದಿದ್ದರೆ ಪೂತಿಕ ಆಗಬಹುದು. ದ್ರವ್ಯಕ್ಕೆ ಬದಲಿ ಉಂಟು. ದೇವತೆಗೆ, ಅಗ್ನಿಗೆ, ಮಂತ್ರಕ್ಕೆ ಬದಲಿ ಇಲ್ಲ. ಯಜ್ಞ ಮಾಡಿಸುವ ಯಜಮಾನನಿಗೂ ಬದಲಿ ಇಲ್ಲ. ಇದನ್ನು ಓದಿದಾಗ, ಕೇಕು ದ್ರವ್ಯ ತಾನೆ, ಬದಲಿ ಬರಲಿ ಎಂದು ಸಮಾಧಾನ ಮಾಡಿಕೊಂಡೆ. ಬದಲಿಯು ಮೂಲವಸ್ತು ಮಾಡುವ ಕೆಲಸವನ್ನೇ ಮಾಡಬೇಕು, ಅದಕ್ಕಾಗಿಯೇ ಧಾನ್ಯಕ್ಕೆ ಧಾನ್ಯವನ್ನು ಹುಡುಕುವುದು ಎಂಬ ಸಂಗತಿಯನ್ನು ಆಗ ಮನಸ್ಸಿಗೆ ತಂದುಕೊಳ್ಳಲಿಲ್ಲ. ನೀವಾರ ಬೇಯುತ್ತದೆ. ಥರ್ಮೊಕೋಲು ಬೇಯುವುದಿಲ್ಲ, ಕರಗುತ್ತದೆ. ಪಾಲಿಸ್ಟೈರೀನಿನ ಈ ಗುಣ ಬಿ.ಎಸ್ಸಿ. ಓದಿದವನಿಗೆ ಗೊತ್ತಿರಬೇಕಾಗಿತ್ತು.

ಸುಳ್ಳು ಕೇಕಿನ ಕತೆ ಇಂಗ್ಲೆಂಡಿನಲ್ಲಿಯೂ ಇದೆ. ಎರಡನೆಯ ಮಹಾಯುದ್ಧದ ಕಾಲ. 1940ರ ಜನವರಿಯಲ್ಲಿ ಅಲ್ಲಿ ಸಕ್ಕರೆಗೆ ರೇಷನ್ ಬಂತು. ಅದೇ ವರ್ಷದ ಬೇಸಗೆಯಲ್ಲಿ ಕೇಕಿನ ಮೇಲೆ ಸಕ್ಕರೆಯ ಹೊದಿಕೆ ಹಾಕುವುದನ್ನೇ ಸರಕಾರ ನಿಷೇಧಿಸಿತು. ಆಗ ಬೇಕರಿಯವರು ರಟ್ಟಿನಿಂದ ಇಲ್ಲವೆ ಪ್ಲಾಸ್ಟರಿನಿಂದ ಅಂತಸ್ತು ಅಂತಸ್ತಾದ ಬಿಳಿಯ ಗೋಪುರಗಳನ್ನು ಮಾಡಿ ಬಾಡಿಗೆಗೆ ಕೊಡುತ್ತಿದ್ದರು. ಒಳಗೆ, ಸಿಕ್ಕಷ್ಟು ಹಿಟ್ಟು ಮೊಟ್ಟೆಗಳಿಂದ ಮಾಡಿದ ಒಂದು ಸಣ್ಣ ಕೇಕು. ಫೋಟೋ ತೆಗೆದಾದ ಮೇಲೆ ಗೋಪುರವನ್ನು ಎತ್ತಿ ಆ ಸಣ್ಣದನ್ನು ಕತ್ತರಿಸುವುದು. ಯುದ್ಧ ಮುಗಿದರೂ ಸಕ್ಕರೆಯ ರೇಷನ್ ತೀರಿದ್ದು 1953ರಲ್ಲಿ. ಈ ನಡುವೆ 1947ರಲ್ಲಿ ರಾಜಕುಮಾರಿ ಎಲಿಜಬೆತ್ತಳ ಮದುವೆಗೆ ಒಂಬತ್ತು ಅಡಿ ಎತ್ತರದ, ಐನೂರು ಪೌಂಡು ತೂಕದ ಕೇಕು ಎದ್ದು ನಿಂತಿತು; ಅದಕ್ಕೆ ಸಾಮಗ್ರಿ ಆಸ್ಟ್ರೇಲಿಯದ ಗರ್ಲ್ ಗೈಡ್‌ಗಳಿಂದ ಹಡಗಿನಲ್ಲಿ ಬಂತಂತೆ. ಇರಲಿ, ಅರಮನೆಯ ಲೆಕ್ಕ ಬೇರೆ.

ನಾನು ಕೇಳಿಕೊಂಡದ್ದು ಇದು: ಆ ರಟ್ಟಿನ ಕೇಕಿಗೂ ನನ್ನ ಥರ್ಮೊಕೋಲಿಗೂ ಏನು ವ್ಯತ್ಯಾಸ? ಎರಡೂ ಕಡೆ ನೋಡುವವರಿಗೆ ಗುಟ್ಟು ಗೊತ್ತು. ಯಾರೂ ಮೋಸ ಹೋಗುವುದಿಲ್ಲ. ಹಾಗಾದರೆ ಎರಡೂ ನಿರಪರಾಧಿಯಾದ ಆಟಗಳಲ್ಲವೆ? ಬಹಳ ದಿನ ಯೋಚಿಸಿದ ಮೇಲೆ ನನಗೆ ತೋರಿದ್ದು ಹೀಗೆ. ಅಲ್ಲಿ ಕೊರತೆ ಎಲ್ಲರದ್ದು. ಪಕ್ಕದ ಮನೆಯಲ್ಲೂ ಸಕ್ಕರೆ ಇಲ್ಲ. ರಟ್ಟಿನ ಗೋಪುರ ‘ನಮ್ಮೆಲ್ಲರಿಗೂ ಇಲ್ಲ, ಆದರೂ ಇವತ್ತು ಮದುವೆ’ ಎಂದು ಹೇಳುತ್ತಿತ್ತು. ನಮ್ಮಲ್ಲಿ ಥರ್ಮೊಕೋಲು ಹೇಳುವುದು ‘ಇಲ್ಲದವನು ನಾನೊಬ್ಬನೇ, ಅದು ನಿಮಗೆ ಕಾಣದಿರಲಿ’ ಎಂದು. ಅಲ್ಲಿ ರಟ್ಟು ಜನರನ್ನು ಸೇರಿಸಿತು. ಇಲ್ಲಿ ಅದು ಒಬ್ಬನ ನಾಚಿಕೆಯನ್ನು ಮುಚ್ಚುತ್ತದೆ. ನಮ್ಮ ದೇಶದಲ್ಲಿಯೂ ಅಭಾವದ 1960ರ ದಶಕದಲ್ಲಿ ಹಲವು ರಾಜ್ಯಗಳಲ್ಲಿ ಅತಿಥಿ ನಿಯಂತ್ರಣದ ಆಜ್ಞೆಗಳಿದ್ದವು. ಒಂದು ಹೋಳು ಐಸ್‌ಕ್ರೀಮು, ನಾಲ್ಕು ವೇಫರು, ಇಷ್ಟರಲ್ಲಿ ಮುಂಬಯಿಯ ಆರತಕ್ಷತೆಗಳು ಮುಗಿಯುತ್ತಿದ್ದ ಕಾಲವನ್ನು ನಮ್ಮ ತಂದೆ ನಗುತ್ತಾ ನೆನೆಯುತ್ತಿದ್ದರು. ಆಗ ಯಾರಿಗೂ ಅವಮಾನವಾಗಲಿಲ್ಲ ಎನ್ನುತ್ತಿದ್ದರು. ಕಾನೂನು ಎಲ್ಲರ ತಟ್ಟೆಯನ್ನೂ ಒಂದೇ ಅಳತೆಗೆ ತಂದಿತ್ತು.

ಇಷ್ಟೆಲ್ಲ ತತ್ತ್ವಜ್ಞಾನ ಹೊಳೆದದ್ದು ಆಮೇಲೆ. ಆಗ ನಾನು ಥರ್ಮೊಕೋಲಿನ ಅಂದಾಜು ಪತ್ರವನ್ನು ಕಿಸೆಯಲ್ಲಿಟ್ಟುಕೊಂಡು, ಅಕ್ಕನ ಮಗಳನ್ನು ಕರೆದುಕೊಂಡು, ದಾದರಿನಲ್ಲಿ ಗಾಡಿ ಬದಲಿಸಿ ಬೊರಿವಲಿಗೆ ಹೋದೆ.

ಹುಡುಗನ ತಾಯಿಯನ್ನು ನಮ್ಮ ಊರ ಪದ್ಧತಿಯಂತೆ ನಾನು ‘ಬಾಯಿ’ ಎಂದೇ ಕರೆಯುತ್ತೇನೆ. ಮನೆಮಾತು ಕೊಂಕಣಿ, ಆದರೆ ಊರಿನ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರ ಕನ್ನಡ ನಮ್ಮ ಅಕ್ಕನ ಮಗಳ ಕನ್ನಡಕ್ಕಿಂತ ಎಷ್ಟೋ ಚೆನ್ನಾಗಿದೆ. ಇವಳು ಮಾತನಾಡುತ್ತಾಳೆ, ಓದಲಾರಳು. ಚಹಾ ಆಯಿತು. ನಾನು ಅಂದಾಜು ಪತ್ರ ತೆಗೆದು ಬಹಳ ವಿನಯದಿಂದ ವಿವರಿಸಿದೆ. ಕತ್ತರಿಸುವುದು ಮೇಲಿನದನ್ನು ಮಾತ್ರ ತಾನೆ, ನೋಡುವುದಕ್ಕೆ ಮೂರೂ ಇರುತ್ತವೆ ಎಂದೆ.

ಅವರು ಸಿಟ್ಟಾಗಲಿಲ್ಲ. “ನೋಡುವುದಕ್ಕೆ ನನಗೆ ಒಂದೂ ಬೇಡ” ಎಂದರು. ಸ್ವಲ್ಪ ತಡೆದು, “ಇಗರ್ಜಿಯಲ್ಲಿ ಮದುವೆ ಇಲ್ಲ, ನಾನು ಒಪ್ಪಿದ್ದೇನೆ. ಹಿಂದಿನ ದಿನದ ರೋಸ್ ಇಲ್ಲ, ಮಗನ ತಲೆಗೆ ಒಂದು ಹನಿ ತೆಂಗಿನ ಹಾಲು ಹಾಕಲಿಲ್ಲ, ಅದಕ್ಕೂ ಒಪ್ಪಿದ್ದೇನೆ. ಕೇಕು ಯಾಕೆ ಅಂದರೆ, ಅದನ್ನು ಮನೆಮನೆಗೆ ಕೊಡಬೇಕು. ಮದುವೆಗೆ ಬರಲಿಕ್ಕೆ ಆಗದವರು ಇರುತ್ತಾರಲ್ಲ, ಹಾಸಿಗೆ ಹಿಡಿದವರು, ಊರಲ್ಲಿದ್ದವರು, ಅವರಿಗೆ ಒಂದೊಂದು ತುಂಡು ಹೋಗಬೇಕು. ಹಣ್ಣಿನ ಕೇಕು ಹದಿನೈದು ದಿನ ಆದರೂ ಕೆಡುವುದಿಲ್ಲ. ಥರ್ಮೊಕೋಲನ್ನು ನಾನು ಯಾರಿಗೆ ಕಳಿಸಲಿ?” ಎಂದರು.

ನನ್ನ ಬಾಯಿ ಕಟ್ಟಿತು. ಆಗ ಅಕ್ಕನ ಮಗಳು ಇನ್ನೊಂದು ಕೇಳಿದಳು. ಪ್ರಶ್ನೆ ನನಗೆ, ಆದರೆ ಕಣ್ಣು ಬಾಯಿಯವರ ಕಡೆ ಇತ್ತು. “ಮಾವ, ನಮ್ಮ ಲಾಡುವಿಗೂ ಥರ್ಮೊಕೋಲ್ ಸಿಗುತ್ತದಾ?”

ವಿಷಯ ಏನೆಂದರೆ, ನಮ್ಮ ಕಡೆಯಿಂದ ಎರಡು ಬೂಂದಿ ಲಾಡು ಹಾಕಿದ ಪೆಟ್ಟಿಗೆ ಕೊಡುವುದೆಂದು ಮೊದಲೇ ನಿಶ್ಚಯವಾಗಿತ್ತು. ನಾನೂರು ಪೆಟ್ಟಿಗೆ, ತಲಾ ಅರುವತ್ತೈದು ರೂಪಾಯಿ, ಒಟ್ಟು 26,000. ಅದು ಪುಸ್ತಕದ ಮೊದಲ ಪುಟದಲ್ಲಿಯೇ ಇತ್ತು. ಕೇಕಿಗಿಂತ ಎರಡು ಸಾವಿರ ಜಾಸ್ತಿ. ಅದನ್ನು ಬರೆಯುವಾಗ ನನ್ನ ಕೈ ತಡೆಯಲಿಲ್ಲ, ಬೇರೆ ಅಂಗಡಿ ವಿಚಾರಿಸಲಿಲ್ಲ, ಅದರ ಕೆಳಗೆ ಗೆರೆಯೂ ಇಲ್ಲ. ಲಾಡು ಖರ್ಚೆಂದು ನನಗೆ ತೋರಿರಲೇ ಇಲ್ಲ. ಲಾಡು ಮದುವೆ. ಕೇಕು ಮಾತ್ರ ಖರ್ಚು.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ದುಂದುವೆಚ್ಚದ ವಿರುದ್ಧ ನಾವು ಮಾತನಾಡುತ್ತೇವೆ. ಸಂಘದ ಸಭೆಗಳಲ್ಲಿ ಭಾಷಣಗಳನ್ನೂ ಕೇಳುತ್ತೇವೆ, ಒಂದೆರಡನ್ನು ನಾನೇ ಮಾಡಿದ್ದೇನೆ. ಆದರೆ ನಮಗೆ ಪರ್ಯಾಯ ಹೊಳೆಯುವುದು ಯಾವಾಗಲೂ ಇನ್ನೊಬ್ಬರ ರೂಢಿಗೆ. ಬೀಗರ ಬ್ಯಾಂಡು ದುಂದು, ನಮ್ಮ ನಾದಸ್ವರ ಮಂಗಳ. ಅವರ ಕೇಕು ಪರದೇಶದ ಆಡಂಬರ, ನಮ್ಮ ಪೆಟ್ಟಿಗೆ ಮರ್ಯಾದೆ. ಪರಕೀಯ ಎನ್ನುವುದಕ್ಕಾದರೂ ಆಧಾರವೇನು? ಮೂಡುಬೆಳ್ಳೆಯ ಆ ಹೆಂಗಸಿಗೆ ಕೇಕು ಅವರ ಅಜ್ಜಿಯ ಮದುವೆಯಿಂದ ಬಂದದ್ದು. ನಮ್ಮ ಮನೆಯಲ್ಲಿ ಲಾಡುವನ್ನು ಬಣ್ಣದ ಪೆಟ್ಟಿಗೆಯಲ್ಲಿ ಹಾಕಿ ಕೊಡುವ ರೂಢಿ ಬಂದು ಇಪ್ಪತ್ತು ವರ್ಷವೂ ಆಗಿಲ್ಲ. ಉಳಿತಾಯ ಸದ್ಗುಣವೇ, ಸಂದೇಹವಿಲ್ಲ. ಆದರೆ ತನ್ನದನ್ನು ಮುಟ್ಟದೆ ಇನ್ನೊಬ್ಬನದರಲ್ಲಿ ಕತ್ತರಿ ಆಡಿಸುವವನನ್ನು ಮಿತವ್ಯಯಿ ಎನ್ನುವುದೋ, ಬೇರೆ ಏನಾದರೂ ಎನ್ನುವುದೋ?

ಅದೇ ದಿನ ಅಲ್ಲಿಯೇ ಕುಳಿತು ಹೊಸ ಲೆಕ್ಕ ಹಾಕಿದೆವು. ಪೆಟ್ಟಿಗೆ ಬೇಡ, ತಲೆಗೊಂದು ಲಾಡು, ಬೆಣ್ಣೆ ಕಾಗದದಲ್ಲಿ ಸುತ್ತಿ. ಇಪ್ಪತ್ತೈದು ರೂಪಾಯಿಯಂತೆ ನಾನೂರಕ್ಕೆ ಹತ್ತು ಸಾವಿರ. ಕೇಕಿಗೆ ಅಂತಸ್ತು ಬೇಡ, ಬೇಕರಿಯೂ ಬೇಡ. ತಾವೇ ಮಾಡುತ್ತೇನೆಂದು ಬಾಯಿಯವರು ಹೇಳಿದರು. ಕ್ರಿಸ್ಮಸ್ಸಿನಿಂದ ರಮ್ಮಿನಲ್ಲಿ ನೆನೆಯುತ್ತಿರುವ ಒಣದ್ರಾಕ್ಷಿ ಭರಣಿಯಲ್ಲಿ ಇತ್ತು. ಬೇಯಿಸಲು ಹತ್ತಿರದ ಪಾವಿನ ಭಟ್ಟಿಯವನ ಒಲೆ. ಹನ್ನೆರಡು ಕಿಲೋ ಕೇಕನ್ನು ಐದು ಚೌಕದ ತಟ್ಟೆಗಳಲ್ಲಿ ಮಾಡುವುದು, ವೇದಿಕೆಯ ಮೇಲೆ ಕತ್ತರಿಸಲು ಗೋಡಂಬಿಯ ಮಾರ್ಜಿಪಾನ್ ಹೊದಿಸಿದ ದುಂಡಗಿನದೊಂದು. ಸಾಮಾನಿಗೆ ಎಂಟು ಸಾವಿರದ ಒಳಗೇ ಆಯಿತು. ಒಂದು ತುಂಡು ಇಪ್ಪತ್ತೈದು ಗ್ರಾಂ ಎಂದರೆ ಆ ಐದು ತಟ್ಟೆಗಳಿಂದ ನಾನೂರ ಎಂಬತ್ತು ತುಂಡು, ಬಂದವರಿಗೆ ನಾನೂರು. ಉಳಿದ ಎಂಬತ್ತು ಯಾರಿಗೆಂದು ಅವರು ಆಗಲೇ ಒಂದು ಪಟ್ಟಿ ಬರೆದಿಟ್ಟಿದ್ದರು.

ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ: ಐವತ್ತು ಸಾವಿರ ಆಗುತ್ತಿದ್ದದ್ದು ಹದಿನೆಂಟಕ್ಕೆ ಮುಗಿಯಿತು, ಥರ್ಮೊಕೋಲೂ ಇಲ್ಲ. ಅವಳು ಅಕ್ಕಿ ಆರಿಸುತ್ತಿದ್ದಳು. “ಹನ್ನೆರಡು ಕಿಲೋ ಕೇಕು ಕಲಸುವುದಕ್ಕೆ ಕೈ ಎಷ್ಟು ನೋಯುತ್ತದೆ ಗೊತ್ತಾ? ಅದನ್ನು ಯಾವ ಬಾಬಿನಲ್ಲಿ ಬರೆದಿದ್ದೀರಿ?” ಎಂದಳು. ಬರೆದಿರಲಿಲ್ಲ. ಮನೆಯಲ್ಲಿ ಮಾಡಿದ್ದು ಅಗ್ಗ ಎಂದು ನಾವು ಹೇಳುವಾಗ ಯಾರದ್ದೋ ಎರಡು ರಾತ್ರಿಯ ನಿದ್ದೆಗೆ ಸೊನ್ನೆ ಹಾಕಿರುತ್ತೇವೆ. ಆ ಸೊನ್ನೆ ಪ್ರತಿ ಸಲವೂ ಹೆಂಗಸರ ಅಂಕಣದಲ್ಲಿಯೇ ಬೀಳುತ್ತದೆ. ಬಾಯಿಯವರು ಸಂತೋಷದಿಂದ ಮಾಡಿದರು, ನಿಜ. ಹೆಂಡತಿಯೂ ಅಕ್ಕನೂ ಹೋಗಿ ಒಂದು ದಿನ ಹಣ್ಣು ಹೆಚ್ಚಿ ಕೊಟ್ಟು ಬಂದರು, ಅದೂ ನಿಜ. ಸಂತೋಷದಿಂದ ಮಾಡಿದ ಕೆಲಸಕ್ಕೆ ಬೆಲೆ ಕಟ್ಟಬಾರದೆಂದು ಸುಮ್ಮನಿರಬೇಕೋ, ಬೆಲೆ ಕಟ್ಟದೆ ಅಗ್ಗವೆಂದು ಕರೆಯಬಾರದೋ, ನನಗೆ ಇನ್ನೂ ತೀರ್ಮಾನವಾಗಿಲ್ಲ.

ಆರತಕ್ಷತೆ ಚೆನ್ನಾಗಿ ಆಯಿತು. ಅಂತಸ್ತಿಲ್ಲದ ಕೇಕನ್ನು ನೋಡಿ ನಮ್ಮ ಕಡೆಯ ಒಬ್ಬರು “ಇಷ್ಟೇನಾ?” ಎಂದರು, ಅವರ ಕಡೆಯ ಒಬ್ಬರು ಪೆಟ್ಟಿಗೆಯಿಲ್ಲದ ಲಾಡುವನ್ನು ನೋಡಿ ಅದನ್ನೇ ಕೊಂಕಣಿಯಲ್ಲಿ ಹೇಳಿದರೆಂದು ಕೇಳಿದೆ. ಅಲ್ಲಿಗೆ ಲೆಕ್ಕ ಸರಿಹೋಯಿತು. ಲಾಡು ಸುತ್ತಿದ ತಟ್ಟೆಯ ಹತ್ತಿರ ನಾನೇ ನಿಂತಿದ್ದೆ. ಇಪ್ಪತ್ತು ಲಾಡು ಹೆಚ್ಚು ಹೇಳಿದ್ದೆ. ಅವೂ ಒಂಬತ್ತೂವರೆಗೆ ಮುಗಿದವು. ಒಂದೂ ವ್ಯರ್ಥವಾಗಲಿಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ನನ್ನ ತಾಯಿಗೆ ಎಂಬತ್ತೆರಡು ವರ್ಷ. ಮೊಣಕಾಲು ನೋವಿನಿಂದ ಮೆಟ್ಟಿಲು ಇಳಿಯಲಾರಳು, ಮೊಮ್ಮಗಳ ಮದುವೆಗೂ ಬರಲಾಗಲಿಲ್ಲ. ಹೊರಡುವಾಗ ಬಾಯಿಯವರು ನನ್ನ ಕೈಗೆ ಬಿಳಿಯ ಕಾಗದದ ಒಂದು ಸಣ್ಣ ಪೊಟ್ಟಣ ಕೊಟ್ಟು, “ಅಮ್ಮನವರಿಗೆ” ಎಂದರು. ರಾತ್ರಿ ಹನ್ನೆರಡಕ್ಕೆ ಮುಲುಂಡಿನ ಮನೆಗೆ ಬಂದರೆ ತಾಯಿ ಎಚ್ಚರವಾಗಿಯೇ ಇದ್ದಳು. ಪೊಟ್ಟಣ ಕೊಟ್ಟೆ. ಮೇಲೆ ಒಂದು ಚೀಟಿ, ಅದರಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ ‘ಮೊಟ್ಟೆ ಹಾಕಿಲ್ಲ, ರಮ್ಮು ಇಲ್ಲ’ ಎಂದು ಬರೆದಿತ್ತು. ಎಂದರೆ ಅವರು ಇದೊಂದನ್ನು ಬೇರೆಯಾಗಿಯೇ ಮಾಡಿದ್ದರು. ನನ್ನ ತಾಯಿ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದಳು. “ಅಕ್ಷರ ಚೆಂದ ಉಂಟು” ಎಂದಳು. ಚೂರು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಬೆಳಿಗ್ಗೆ ಬರುವ ಕೆಲಸದವಳಿಗೂ ಕೊಡಬೇಕೆಂದು ಕಾಗದದಲ್ಲಿ ಮತ್ತೆ ಮಡಿಸಿಟ್ಟಳು.

ಆಮೇಲೆ ನನ್ನ ಕೈ ನೋಡುತ್ತಾ, “ನಮ್ಮ ಲಾಡು ಎಲ್ಲಿ?” ಎಂದು ಕೇಳಿದಳು.